ಡ್ರಾಯರ್ ಸೇರಿದ ರೌಟರಿಗೆ ಎರಡನೇ ಕೆಲಸ

ಹೊಸ ರೌಟರ್ ಬಂದ ದಿನವೇ ಹಳೆಯದು ಡ್ರಾಯರ್ ಸೇರುತ್ತದೆ. ಅತ್ತ ಕೊನೆಯ ಕೋಣೆಯಲ್ಲಿ ವೈಫೈ ಒಂದೇ ಗೆರೆ. ವಿಡಿಯೊ ಕಾಲ್ ಮಾಡಿದರೆ ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ಆ ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ ಮಾಡಿ ಅದೇ ಕೋಣೆಯಲ್ಲಿ ಕೂರಿಸಬಹುದು. ಒಂದು ಗಂಟೆ ಬಿಡುವಿದ್ದರೆ ಸಾಕು.

ಇದು ರಿಪೀಟರ್ ಅಲ್ಲ. ರಿಪೀಟರ್ ಗಾಳಿಯಲ್ಲಿ ಬಂದ ಸಿಗ್ನಲನ್ನು ಹಿಡಿದು ಮತ್ತೆ ಗಾಳಿಗೇ ಬಿಡುತ್ತದೆ. ಒಂದೇ ರೇಡಿಯೊ ಎರಡೂ ಕೆಲಸ ಮಾಡಬೇಕಾದರೆ ವೇಗ ಅರ್ಧದಷ್ಟಕ್ಕೆ ಇಳಿಯುತ್ತದೆ. ಆಕ್ಸೆಸ್ ಪಾಯಿಂಟಿಗೆ ಇಂಟರ್‌ನೆಟ್ ಬರುವುದು ವೈರಿನಲ್ಲಿ, ಹಾಗಾಗಿ ಆ ನಷ್ಟ ಇಲ್ಲ. ಆದರೆ ಮುಖ್ಯ ರೌಟರಿನಿಂದ ಆ ಕೋಣೆಯವರೆಗೆ ವೈರ್ ಎಳೆಯಲೇಬೇಕು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಆದೀತು. 100 ಮೀಟರ್‌ವರೆಗೆ ತೊಂದರೆಯಿಲ್ಲ.

ಕೈ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ರೌಟರ್ ವೈಫೈ ಹರಡುವುದರ ಜೊತೆಗೆ ಮನೆಯ ಪ್ರತಿ ಫೋನು, ಲ್ಯಾಪ್‌ಟಾಪಿಗೂ ಒಂದು ಐಪಿ ವಿಳಾಸ, ಅಂದರೆ ಅದನ್ನು ಗುರುತಿಸುವ ನಂಬರು, ಹಂಚುತ್ತದೆ. ಈ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಮನೆಗೆ ಹಂಚುವವರು ಒಬ್ಬರೇ ಇರಬೇಕು. ಮೊದಲ ಸಲ ನಾನು ಹಳೆಯ ರೌಟರಿನಲ್ಲಿ ಇದನ್ನು ಆಫ್ ಮಾಡಲು ಮರೆತಿದ್ದೆ. ನನ್ನ ಲ್ಯಾಪ್‌ಟಾಪ್ ಸರಿಯಾಗಿತ್ತು, ಫೋನಿನಲ್ಲಿ ಮಾತ್ರ ವೈಫೈ ಇದ್ದೂ ಇಂಟರ್‌ನೆಟ್ ಇಲ್ಲ. ಮರುದಿನ ಅದು ಸರಿಹೋಯಿತು, ಟಿವಿ ಕೆಟ್ಟಿತು! ಎರಡು ದಿನ ಸುಮ್ನೆ ಇಂಟರ್‌ನೆಟ್ ಕಂಪನಿಯನ್ನು ಬೈದೆ. ಆಗಿದ್ದು ಇಷ್ಟೇ: ಎರಡೂ ರೌಟರ್ ವಿಳಾಸ ಹಂಚುತ್ತಿದ್ದವು. ಹಳೆಯದರ ಉತ್ತರ ಮೊದಲು ತಲುಪಿದ ಸಾಧನ, ಇಂಟರ್‌ನೆಟ್ಟಿಗೂ ಅದರ ಬಾಗಿಲನ್ನೇ ತಟ್ಟುತ್ತಿತ್ತು. ಅಲ್ಲಿ ದಾರಿಯೇ ಇರಲಿಲ್ಲ.

ಈಗ ಕೆಲಸ. ಹಳೆಯ ರೌಟರನ್ನು ಮುಖ್ಯ ರೌಟರಿಗೆ ಇನ್ನೂ ಜೋಡಿಸಬೇಡಿ. ಪವರ್ ಕೊಟ್ಟು, ರಿಸೆಟ್ ತೂತಿನೊಳಗೆ ಪಿನ್ ಹಾಕಿ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಹಳೆಯ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರಿನ ವೈಫೈ ಆಫ್ ಮಾಡಿ, ಅದನ್ನು ಕೇಬಲ್‌ನಲ್ಲಿ ಹಳೆಯ ರೌಟರಿನ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳನ್ನು ಜೋಡಿಸುವ ಕಿಂಡಿಗೆ) ಸಿಕ್ಕಿಸಿ. ರೌಟರಿನ ಕೆಳಗಿನ ಸ್ಟಿಕ್ಕರಿನಲ್ಲಿ 192.168.0.1 ಅಥವಾ 192.168.1.1 ತರಹದ ವಿಳಾಸ ಇರುತ್ತದೆ. ಬ್ರೌಸರಿನಲ್ಲಿ ಅದನ್ನು ಟೈಪ್ ಮಾಡಿ ಲಾಗಿನ್ ಆಗಿ. ಅಡ್ಮಿನ್ ಪಾಸ್‌ವರ್ಡನ್ನು ಆಗಲೇ ಬದಲಿಸಿಬಿಡಿ.

ಮೆನುವಿನಲ್ಲಿ ಆಪರೇಷನ್ ಮೋಡ್ ಎಂಬುದಿದೆಯೇ ನೋಡಿ. ಅದರೊಳಗೆ ಆಕ್ಸೆಸ್ ಪಾಯಿಂಟ್ ಮೋಡ್ ಸಿಕ್ಕರೆ ನಿಮ್ಮ ಅದೃಷ್ಟ. ಅದನ್ನು ಆರಿಸಿ ಸೇವ್ ಮಾಡಿದರೆ ವಿಳಾಸದ ತಲೆನೋವೆಲ್ಲ ಅದೇ ನೋಡಿಕೊಳ್ಳುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟು ಕೇಬಲ್ ಜೋಡಿಸಿದರೆ ಮುಗಿಯಿತು. ಹಳೆಯ ರೌಟರ್‌ಗಳಲ್ಲಿ ಈ ಆಯ್ಕೆ ಇಲ್ಲದಿರುವುದೇ ಜಾಸ್ತಿ. ಆಗ ಕೈಯಿಂದ ಮಾಡಬೇಕು, ಅದೂ ಈ ಕ್ರಮದಲ್ಲೇ.

ಮೊದಲು ವೈಫೈ. ಮುಖ್ಯ ರೌಟರಿನ ಹೆಸರು, ಪಾಸ್‌ವರ್ಡ್, ಡಬ್ಲ್ಯುಪಿಎ2 ಥರದ ಭದ್ರತೆಯ ಬಗೆ, ಮೂರನ್ನೂ ಇಲ್ಲಿಯೂ ಹಾಗೆಯೇ ಕೊಡಿ. ಆಗ ಫೋನು ಎರಡನ್ನೂ ಒಂದೇ ವೈಫೈ ಎಂದುಕೊಂಡು ತಾನೇ ದಾಟಿಕೊಳ್ಳುತ್ತದೆ. ಚಾನೆಲ್, ಅಂದರೆ ಸಿಗ್ನಲ್ ಸಾಗುವ ಓಣಿ, ಮಾತ್ರ ಬೇರೆ ಇರಲಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ 1, 6, 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಮುಖ್ಯದ್ದು 1 ಆದರೆ ಇದಕ್ಕೆ 6 ಅಥವಾ 11 ಕೊಡಿ. ನಿಮ್ಮ ಹಳೆಯ ರೌಟರ್ ಡಬ್ಲ್ಯುಇಪಿ ಎಂಬ, ಸುಲಭವಾಗಿ ಮುರಿಯಬಹುದಾದ ಹಳೆಯ ಭದ್ರತೆ ಬಿಟ್ಟು ಬೇರೆ ಭದ್ರತೆಯನ್ನೇ ಅರಿಯದಷ್ಟು ಮುದಿಯಾಗಿದ್ದರೆ ಡ್ರಾಯರಿನಲ್ಲೇ ಇರಲಿ ಬಿಡಿ.

ಆಮೇಲೆ ಲ್ಯಾನ್ ಐಪಿ, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಈ ರೌಟರಿನದೇ ವಿಳಾಸ. ಮುಖ್ಯ ರೌಟರ್ 192.168.1.1 ಎಂದಿದ್ದರೆ ಇದಕ್ಕೆ 192.168.1.2 ಕೊಡಿ. ಚುಕ್ಕೆಗಳ ನಡುವಿನ ಮೊದಲ ಮೂರು ಸಂಖ್ಯೆಗಳು (192.168.1) ಎರಡಕ್ಕೂ ಒಂದೇ, ಕೊನೆಯದು ಬೇರೆ. ಮುಖ್ಯ ರೌಟರ್ ಎಲ್ಲಿಂದ ಎಲ್ಲಿಯವರೆಗೆ ವಿಳಾಸ ಹಂಚುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಕೊನೆಯ ಸಂಖ್ಯೆ 100ರಿಂದ 200 ಆದರೆ ಚಿಂತೆಯಿಲ್ಲ. 2ರಿಂದಲೇ ಶುರುವಾದರೆ ಅದನ್ನು 10ರಿಂದ ಶುರುವಾಗುವಂತೆ ಬದಲಿಸಿ. ಇಲ್ಲದಿದ್ದರೆ ಇದೇ ನಂಬರು ಯಾವತ್ತೋ ಒಂದು ದಿನ ಯಾರದೋ ಫೋನಿಗೂ ಹೋಗುತ್ತದೆ.

ಸೇವ್ ಒತ್ತಿದ ಕೂಡಲೇ ಪುಟ ಸತ್ತಂತಾಗುತ್ತದೆ. ಗಾಬರಿ ಬೇಡ, ವಿಳಾಸ ಬದಲಾಯಿತಲ್ಲ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, 192.168.1.2 ಟೈಪ್ ಮಾಡಿ ಒಳಗೆ ಹೋಗಿ. ಈಗ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಮೊದಲೇ ಆಫ್ ಮಾಡಿದರೆ ನಿಮ್ಮ ಕಂಪ್ಯೂಟರಿಗೆ ವಿಳಾಸ ಕೊಡುವವರೇ ಇರುವುದಿಲ್ಲ, ಪುಟ ಮತ್ತೆ ತೆರೆಯುವುದಿಲ್ಲ.

ಉಳಿದಿದ್ದು ವೈರು. ಒಂದು ತುದಿ ಮುಖ್ಯ ರೌಟರಿನ ಲ್ಯಾನ್ ಪೋರ್ಟಿಗೆ, ಇನ್ನೊಂದು ಹಳೆಯದರ ಲ್ಯಾನ್ ಪೋರ್ಟಿಗೆ. ಹೊರಗಿನ ಇಂಟರ್‌ನೆಟ್ ಲೈನಿಗೆಂದು ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟು ಕೈ ಬೀಸಿ ಕರೆಯುತ್ತದೆ, ಹೋಗಬೇಡಿ. ಅಲ್ಲಿ ಸಿಕ್ಕಿಸಿದರೆ ಹಳೆಯ ರೌಟರ್ ಬೇರೆ ಸಂಸಾರ, ಅಂದರೆ ತನ್ನದೇ ನೆಟ್‌ವರ್ಕ್, ಹೂಡಲು ನೋಡುತ್ತದೆ. ಆ ಪೋರ್ಟಿನ ಮೇಲೆ ನಾನು ಟೇಪ್ ಅಂಟಿಸಿಬಿಟ್ಟಿದ್ದೇನೆ.

ಫೋನ್ ಹಿಡಿದು ಕೊನೆಯ ಕೋಣೆಗೆ ಹೋಗಿ. ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಗೆರೆಗಳು ತುಂಬಿ ಪುಟ ತೆರೆದರೆ ಗೆದ್ದಿರಿ. ಗೆರೆ ತುಂಬಿದ್ದೂ ವೇಗ 100 ಎಂಬಿಪಿಎಸ್ ದಾಟದಿದ್ದರೆ ಅದು ನಿಮ್ಮ ತಪ್ಪಲ್ಲ. ಎಷ್ಟೋ ಹಳೆಯ ರೌಟರ್‌ಗಳ ಪೋರ್ಟಿನ ಮಿತಿಯೇ ಅಷ್ಟು. ಕೆಲವು ಫೋನುಗಳು ದೂರದ ರೌಟರನ್ನೇ ಅಪ್ಪಿಕೊಂಡು ಕೂರುತ್ತವೆ. ಹಾಗಾದರೆ ಮುಖ್ಯ ರೌಟರಿನ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿ ನೋಡಿ.

ಆಮೇಲೆ ಒಂದು ಚೀಟಿಯಲ್ಲಿ 192.168.1.2 ಎಂದು ಬರೆದು ಹಳೆಯ ರೌಟರಿನ ಕೆಳಗೆ ಅಂಟಿಸಿ. ಅಲ್ಲಿರುವ ಸ್ಟಿಕ್ಕರಿನ ವಿಳಾಸ ಇನ್ನು ನಡೆಯುವುದಿಲ್ಲ.