ನನ್ನ ಅನುಭವ: ಮುಂದೆ ಇಬ್ಬರು, ಹಿಂದೆ ಇಬ್ಬರು

ಹದಿನಾಲ್ಕು ಹದಿನೈದು ಗಂಟೆ ಹಾರಾಟ, ಜೊತೆಗೆ ಎರಡು ಪುಟ್ಟ ಮಕ್ಕಳು ಅಂದರೆ ಎಲ್ಲರೂ ಹೇಳುವುದು ಒಂದೇ: ನಾಲ್ಕು ಸೀಟನ್ನೂ ಒಂದೇ ಸಾಲಿನಲ್ಲಿ ಹಿಡಿ. ನಾನು ಎರಡೆರಡಾಗಿ ಒಡೆದು ಹಿಂದೆ ಮುಂದೆ ಹಾಕಿಸುತ್ತೇನೆ ಅಂದಾಗ ಅತ್ತಿಗೆ ನಕ್ಕುಬಿಟ್ಟರು. "ಮಕ್ಕಳನ್ನ ಬೇರೆ ಬೇರೆ ಕೂರಿಸ್ತೀಯಾ? ಇಡೀ ವಿಮಾನಕ್ಕೆ ಕೇಳೋ ಹಾಗೆ ಅಳ್ತವೆ ನೋಡು" ಅಂದರು. ಅಳಲಿಲ್ಲ. ಈಗ ಅವರೇ ಟಿಕೆಟ್ ತೆಗೆಯುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಒಂದೇ ಸಾಲಿನ ಕಥೆ ಮೊದಲು ಹೇಳುತ್ತೇನೆ. ಬೋಯಿಂಗ್ 777 ವಿಮಾನದಲ್ಲಿ ಮಧ್ಯದ ನಾಲ್ಕು ಸೀಟು ಹಿಡಿದಿದ್ದೆವು. ಆ ಕಡೆ ಗಂಡ, ಈ ಕಡೆ ನಾನು, ನಡುವೆ ಮಕ್ಕಳಿಬ್ಬರು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಮಕ್ಕಳು ಅಕ್ಕಪಕ್ಕ ಇದ್ದರೆ ಒಬ್ಬರ ಕೈಯಲ್ಲಿದ್ದದ್ದೇ ಇನ್ನೊಬ್ಬರಿಗೆ ಬೇಕು. ಒಬ್ಬಳು ಎದ್ದರೆ ಇನ್ನೊಬ್ಬನೂ ಎದ್ದ. ಚಿಕ್ಕವಳಿಗೆ ಹಿಮ್ಮುಖ ಕಾರ್ ಸೀಟು (ಕಾರಿನಲ್ಲಿ ಮಕ್ಕಳನ್ನು ಕಟ್ಟಿ ಕೂರಿಸುವ ಸೀಟು) ಹಾಕಿದ್ದರಿಂದ ಮುಂದಿನವರ ಸೀಟು ಹಿಂದಕ್ಕೆ ಬಾಗಲಿಲ್ಲ. ಅವರೂ ದುಡ್ಡು ಕೊಟ್ಟು ಬಂದವರೇ, ಕೋಪ ಬಂತು, ಗಗನಸಖಿ ಬಂದು ಸಮಾಧಾನ ಮಾಡಬೇಕಾಯಿತು. ಮೇಲಾಗಿ 777ರ ಹತ್ತು ಸೀಟಿನ ಸಾಲಿನಲ್ಲಿ ಒಂದೊಂದು ಸೀಟಿಗೆ ಸಿಗುವುದು 43 ಸೆಂಟಿಮೀಟರ್ ಆಸುಪಾಸು. ನಮ್ಮ ಕಾರ್ ಸೀಟಿನ ಬುಡ ಅದಕ್ಕಿಂತ ಸ್ವಲ್ಪ ಜಾಸ್ತಿ. ಆರ್ಮ್‌ರೆಸ್ಟ್ ಎತ್ತಿ, ತುರುಕಿ, ಬೆಲ್ಟ್ ಎಳೆಯುವಷ್ಟರಲ್ಲಿ ಬೆವರು ಇಳಿದಿತ್ತು.

ಅದಕ್ಕೂ ಮುಂಚೆ ದೊಡ್ಡವನು ಕೂಸಾಗಿದ್ದಾಗ ಮೊದಲ ಸಾಲಿನ ಗೋಡೆಯ ತೊಟ್ಟಿಲನ್ನೂ ನೋಡಿ ಆಗಿದೆ. 10-11 ಕಿಲೋ ಮಿತಿ ಇರುತ್ತದೆ, ತೂಕ ಸರಿಯಿದ್ದರೂ ಕಾಲು ಹಿಡಿಸುವುದಿಲ್ಲ. ವಿಮಾನ ಸ್ವಲ್ಪ ಅಲುಗಾಡಿ ಬೆಲ್ಟ್ ದೀಪ ಹತ್ತಿದರೆ ಮಲಗಿದ ಮಗುವನ್ನು ಎತ್ತಿಕೊಳ್ಳಬೇಕು. ರಾತ್ರಿಯಿಡೀ ಅದೇ ಕೆಲಸ. ಆ ಸಾಲಿನಲ್ಲಿ ಟ್ರೇ ಆರ್ಮ್‌ರೆಸ್ಟ್‌ನೊಳಗೇ ಇರುವುದರಿಂದ ಆರ್ಮ್‌ರೆಸ್ಟ್ ಮೇಲಕ್ಕೆ ಏಳುವುದೂ ಇಲ್ಲ, ಮಗುವನ್ನು ಅಡ್ಡ ಮಲಗಿಸುವ ಆಸೆ ಬಿಟ್ಟುಬಿಡಿ.

ಈಗ ನಮ್ಮ ಲೆಕ್ಕ. ಏರ್‌ಬಸ್ ಎ330 ವಿಮಾನ ಇರುವ ಹಾರಾಟವನ್ನೇ ಹುಡುಕುತ್ತೇನೆ. ಅದರಲ್ಲಿ ಸಾಮಾನ್ಯವಾಗಿ 2-4-2, ಅಂದರೆ ಎರಡೂ ಕಿಟಕಿ ಕಡೆ ಎರಡೆರಡು, ನಡುವೆ ನಾಲ್ಕು ಸೀಟು. ಕಿಟಕಿ ಪಕ್ಕ ಎರಡೇ ಸೀಟು, ಮೂರನೆಯವರು ಯಾರೂ ಇಲ್ಲ, ಅಗಲವೂ 45 ಸೆಂಟಿಮೀಟರ್ ಹತ್ತಿರ. ಒಂದರ ಹಿಂದೆ ಒಂದು ಜೋಡಿ ಹಿಡಿಯುತ್ತೇನೆ. ಮುಂದಿನ ಕಿಟಕಿಗೆ ದೊಡ್ಡವನು, ಅವನ ಪಕ್ಕ ಗಂಡ. ಹಿಂದಿನ ಕಿಟಕಿಗೆ ಕಾರ್ ಸೀಟಿನಲ್ಲಿ ಚಿಕ್ಕವಳು, ಪಕ್ಕ ನಾನು. ಮಕ್ಕಳನ್ನು ಐಲ್ (ನಡುವೆ ಓಡಾಡುವ ದಾರಿ) ಕಡೆ ಕೂರಿಸಲೇಬೇಡಿ, ಊಟದ ಗಾಡಿ ತಗುಲುತ್ತದೆ, ಬಿಸಿ ಕಾಫಿ ತಲೆ ಮೇಲಿಂದ ಹಾದು ಹೋಗುತ್ತದೆ. ಕಾರ್ ಸೀಟಿಗಂತೂ ಕಿಟಕಿಯೇ ಸರಿ, ಯಾರ ದಾರಿಗೂ ಅಡ್ಡ ಬರುವುದಿಲ್ಲ.

ಹೀಗೆ ಕೂತರೆ ಕಾರ್ ಸೀಟಿನಿಂದ ಬಾಗದೆ ಹೋಗುವ ಸೀಟು ನಮ್ಮ ಹುಡುಗನದ್ದೇ. ಅವನಿಗೆ ಅದು ಬೇಕೂ ಇಲ್ಲ, ಆರ್ಮ್‌ರೆಸ್ಟ್ ಎತ್ತಿ ಅಪ್ಪನ ತೊಡೆ ಮೇಲೆ ತಲೆ ಇಟ್ಟು ಮಲಗುತ್ತಾನೆ. ಚಿಕ್ಕವಳು ಆಮೇಲೆ ಮುಮ್ಮುಖ ಕೂರುವಷ್ಟು ದೊಡ್ಡವಳಾದಳು. ಕಾರ್ ಸೀಟು ಮಗುವನ್ನು ಎತ್ತರಕ್ಕೂ ಮುಂದಕ್ಕೂ ತರುವುದರಿಂದ ಪಾದ ಸೀದಾ ಮುಂದಿನ ಬೆನ್ನಿಗೆ ಮುಟ್ಟುತ್ತದೆ. ಒದ್ದರೆ ಅಣ್ಣನಿಗೇ ಒದೆ. ಅಣ್ಣ ಬೈದ, ಮುಗೀತು.

ದೊಡ್ಡವನಿಗೆ ಕೇರ್ಸ್ (CARES) ಪಟ್ಟಿ ಕಟ್ಟುತ್ತೇವೆ, ವಿಮಾನದ ಸೀಟಿಗೆ ಮಗುವನ್ನು ಭದ್ರವಾಗಿ ಕಟ್ಟುವ ಪಟ್ಟಿ ಅದು. 10ರಿಂದ 20 ಕಿಲೋ ಮಕ್ಕಳಿಗೆ, ಎತ್ತರ 1 ಮೀಟರ್ ಆಸುಪಾಸಿನವರೆಗೆ. ಅದರ ಪಟ್ಟಿ ಸೀಟಿನ ಬೆನ್ನನ್ನು ಸುತ್ತಿ ಹಿಂದಿನವರ ಟ್ರೇ ಅಡಿಯಲ್ಲಿ ಹಾದು ಹೋಗಬೇಕು. ಹಿಂದೆ ಬೇರೆಯವರಿದ್ದರೆ "ಸ್ವಲ್ಪ ಟ್ರೇ ಇಳಿಸ್ತೀರಾ" ಅಂತ ಕೇಳಬೇಕು, ಅವರ ಮುಖ ನೋಡಬೇಕು. ಇಲ್ಲಿ ಹಿಂದೆ ಇರುವವಳು ನಮ್ಮವಳೇ. ಪಟ್ಟಿ ಬಿಗಿದ ಮೇಲೆ ಹುಡುಗ ಕೆಳಕ್ಕೆ ಜಾರುವುದಿಲ್ಲ, ಜಾರದಿದ್ದರೆ ಮುಂದಿನ ಸೀಟಿಗೆ ಒದೆಯುವುದೂ ಕಡಿಮೆ. ಬೂಟು ಮಾತ್ರ ಹತ್ತಿದ ತಕ್ಷಣ ಬಿಚ್ಚಿಸಿ. ಎಲ್ಲ ಕಂಪನಿಗಳೂ ಈ ಪಟ್ಟಿಯನ್ನು ಒಪ್ಪುವುದಿಲ್ಲ, ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಆ ಮೇಲ್ ತೋರಿಸಿದ್ದಕ್ಕೇ ಒಮ್ಮೆ ಬಾಗಿಲ ಹತ್ತಿರದ ವಾದ ಎರಡು ನಿಮಿಷಕ್ಕೆ ನಿಂತಿತು.

ದುಡ್ಡಿನ ವಿಷಯಕ್ಕೆ ಬರೋಣ. 2 ವರ್ಷದ ಒಳಗಿನ ಮಗುವಿಗೆ ತೊಡೆ ಮೇಲೆ ಕೂರಿಸಿಕೊಳ್ಳುವ ಟಿಕೆಟ್ ಅಂದರೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಪಾಲು, ಸೀಟು ಬೇಕೆಂದರೆ ಮುಕ್ಕಾಲು ಪಾಲಿನ ಹತ್ತಿರ. ಮನೆಯಲ್ಲಿ ಎಲ್ಲರೂ ಸುಮ್ನೆ ದುಂದು ಅಂದರು. ತೊಡೆ ಮೇಲೆ ಹನ್ನೊಂದು ಕಿಲೋ ಇಟ್ಟುಕೊಂಡು ಹದಿನಾಲ್ಕು ಗಂಟೆ ಕೂತವರು ಯಾರೂ ಹಾಗೆ ಅನ್ನಲಿಲ್ಲ. ಉಳಿಸಬೇಕಾದ ಜಾಗ ಬೇರೆ ಇದೆ. ಅತಿ ಅಗ್ಗದ ಟಿಕೆಟ್‌ಗೆ ಸೀಟು ಆಯ್ಕೆ ಸೇರಿರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕೊಡಬೇಕು. ನಾಲ್ಕು ಜನಕ್ಕೆ, ಹೋಗಿ ಬರುವುದಕ್ಕೆ, ಮಧ್ಯೆ ವಿಮಾನ ಬದಲಾಯಿಸುವುದಿದ್ದರೆ ಅದಕ್ಕೂ ಸೇರಿಸಿ ಕೂಡಿ ನೋಡಿ. ನನಗೆ ನೆನಪಿರುವಂತೆ ಅದೇ ಒಂದು ಮಕ್ಕಳ ಟಿಕೆಟ್‌ನ ಅರ್ಧದಷ್ಟಾಗಿತ್ತು. ಒಂದು ಮೆಟ್ಟಿಲು ಮೇಲಿನ ದರವೇ ಕಡಿಮೆ ಬಿತ್ತು.

ಹೀಗೆ ದುಡ್ಡು ಕೊಟ್ಟ ಸೀಟೂ ಒಮ್ಮೆ ಹೋಯಿತು. ಹೊರಡುವ ಮುಂಚೆ ವಿಮಾನದ ಮಾದರಿ ಬದಲಾಗಿ ನಾಲ್ವರೂ ನಾಲ್ಕು ಕಡೆ ಚದುರಿದೆವು, ಮೂರು ವರ್ಷದವನಿಗೆ ಒಂಟಿ ಸೀಟು! ಕೊಟ್ಟ ದುಡ್ಡು ವಾಪಸು ಬರೋಕೆ ಎರಡು ತಿಂಗಳ ಹತ್ತಿರ ಹಿಡಿಯಿತು, ರಸೀದಿ ಇದ್ದದ್ದಕ್ಕೆ ಬಂತು. ಆವತ್ತಿನಿಂದ ವಾರಕ್ಕೊಮ್ಮೆ ಸೀಟಿನ ನಕ್ಷೆ ತೆಗೆದು ನೋಡುತ್ತೇನೆ, ಕೊನೆಯ ಮೂರು ದಿನ ದಿನಾ. ಬದಲಾದದ್ದು ಆಗಲೇ ಕಂಡರೆ ಫೋನ್‌ನಲ್ಲೇ ಸರಿ ಮಾಡಿಸಬಹುದು. ಯಾವ ಹೊತ್ತಿಗೆ ಫೋನ್ ಮಾಡಬೇಕು, ಮೊದಲ ಮಾತು ಏನು ಆಡಬೇಕು ಅನ್ನೋದನ್ನು ಮಾತ್ರ ಬರೆಯಲ್ಲ. ಎಲ್ಲರೂ ಅದನ್ನೇ ಮಾಡಿದರೆ ನನಗೆ ಸೀಟು ಸಿಗಲ್ಲ.

ಕಾಲಿನ ಜಾಗಕ್ಕೆ ಗಾಳಿ ತುಂಬಿದ ದಿಂಬಿಟ್ಟು ಹಾಸಿಗೆ ಮಾಡುವ ಪ್ರಯೋಗವೂ ಆಯಿತು. ಹೋಗುವಾಗ ಬಿಟ್ಟರು, ಬರುವಾಗ ಬೇಡ ಅಂದರು. ಗಾಳಿ ಊದಿ ಊದಿ ಗಂಡನಿಗೆ ತಲೆ ಸುತ್ತು ಬಂದದ್ದೇ ಲಾಭ. ನೆಲದ ಮೇಲೆ ಮಲಗಿಸುವವರನ್ನೂ ಕಂಡಿದ್ದೇನೆ. ಅದು ಬೇಡವೇ ಬೇಡ, ಆಮ್ಲಜನಕದ ಮಾಸ್ಕ್ ಅಲ್ಲಿಗೆ ಎಟುಕುವುದಿಲ್ಲ. ಮಾಸ್ಕ್ ಅಂದ ಮೇಲೆ ನೆನಪಾಯಿತು: ಸಾಮಾನ್ಯವಾಗಿ ಒಂದು ಗುಂಪಿನ ಸೀಟುಗಳಿಗೆ ಒಂದೇ ಮಾಸ್ಕ್ ಹೆಚ್ಚಿಗೆ ಇರುತ್ತದೆ. ಅವಳಿ ಕೂಸುಗಳನ್ನು ಅಕ್ಕಪಕ್ಕ ತೊಡೆ ಮೇಲೆ ಇಟ್ಟುಕೊಂಡು ಕೂರಲು ಬಿಡದಿರುವುದು ಅದಕ್ಕೇ. ಅವಳಿ ಇದ್ದವರಿಗೆ ಹಿಂದೆ ಮುಂದಿನ ಜೋಡಿ ಇನ್ನೂ ಒಳ್ಳೆಯದು.

ಎ330 ಸಿಗದಿದ್ದರೆ 777ರ ಬಾಲದ ಕಡೆ ನೋಡಿ. ಅಲ್ಲಿ ವಿಮಾನ ಕಿರಿದಾಗುವುದರಿಂದ ಕೊನೆಯ ಒಂದೆರಡು ಮೂರು ಸಾಲಿನಲ್ಲಿ ಕಿಟಕಿ ಪಕ್ಕ ಎರಡೇ ಸೀಟು ಇರುವುದುಂಟು. ಶೌಚಾಲಯ ಹತ್ತಿರ, ಸದ್ದು ಜಾಸ್ತಿ, ಆದರೆ ಮಕ್ಕಳು ಆ ಗುಂಯ್ ಅನ್ನುವ ಸದ್ದಿಗೇ ನಿದ್ದೆ ಹೋಗುತ್ತಾರೆ. 787, ಎ350ರಲ್ಲಿ ಹೆಚ್ಚಾಗಿ 3-3-3, ನಮ್ಮ ಜೋಡಿ ಅಲ್ಲಿ ಅಷ್ಟು ಸಲೀಸಲ್ಲ. ಎರಡೂ ಸಾಲಿನಲ್ಲಿ ಕಿಟಕಿ ಮತ್ತು ಮಧ್ಯದ ಸೀಟು ಹಿಡಿದರೆ ಐಲ್‌ನಲ್ಲಿ ಒಬ್ಬೊಬ್ಬರು ಅಪರಿಚಿತರು ಬರುತ್ತಾರೆ, ಡಯಾಪರ್ ಬದಲಿಸಲು ಹೋಗುವಾಗಲೆಲ್ಲ ಅವರನ್ನು ಎಬ್ಬಿಸಬೇಕು. ಮುಂದೆ ಮೂವರು, ಹಿಂದೆ ಐಲ್‌ನಲ್ಲಿ ಒಬ್ಬರು ಅಂತ ಮಾಡಿ ನೋಡಬೇಕೆಂದಿದ್ದೇನೆ. ಹಿಂದೆ ಒಬ್ಬರೇ ಹಾಯಾಗಿ ಕೂರುವವರು ಯಾರು ಅನ್ನುವುದರ ಬಗ್ಗೆ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.