ನಾಯಿಗೆ ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ

ನಸುಕಿನ ನಾಲ್ಕೂವರೆಯ ಹೊತ್ತಿಗೆ ಜಗಲಿಯ ಕಡೆಯಿಂದ ಉಗುರುಗಳು ಸಿಮೆಂಟ್ ನೆಲವನ್ನು ಕೆರೆಯುವ ಸದ್ದು ಕೇಳಿಸಿತು. ಅಂಗಳಕ್ಕೆ ಕಾಡುಹಂದಿ ಬಂದಿರಬೇಕು, ಜಿಮ್ಮಿ ಸರಪಳಿ ಜಗ್ಗುತ್ತಿರಬೇಕು ಎಂದುಕೊಂಡು ಎದ್ದು ಬಂದು ದೀಪ ಹಾಕಿದೆ. ಮೂರು ವರ್ಷದ ನಮ್ಮ ಲ್ಯಾಬ್ರಡಾರ್ ಒಂದು ಮಗ್ಗುಲಿಗೆ ಬಿದ್ದು, ಕತ್ತನ್ನು ಹಿಂದಕ್ಕೆ ಸೆಟೆದುಕೊಂಡು, ನಾಲ್ಕೂ ಕಾಲುಗಳನ್ನು ನೀರಿನಲ್ಲಿ ಈಜುವಂತೆ ಬಡಿಯುತ್ತಿತ್ತು. ಬಾಯಲ್ಲಿ ನೊರೆ ಬಂದಿತ್ತು, ಅಡಿಯಲ್ಲಿ ಮೂತ್ರ ಹರಿದಿತ್ತು, ಕಣ್ಣು ತೆರೆದಿದ್ದರೂ ಅದರಲ್ಲಿ ನೋಟವಿರಲಿಲ್ಲ. ಅಮ್ಮ ಒಳಗಿನಿಂದ ಕಬ್ಬಿಣದ ಬೀಗದ ಕೈಯನ್ನೂ ಜಜ್ಜಿದ ಈರುಳ್ಳಿಯನ್ನೂ ತಂದರು. ನಾನು ನಾಲಿಗೆ ಕಚ್ಚಿಕೊಂಡೀತೆಂದು ಬಾಯಿ ತೆರೆಸಲು ಹೋಗಿ ಹೆಬ್ಬೆರಳಿಗೆ ಗಾಯ ಮಾಡಿಕೊಂಡೆ. ಮರುದಿನ ವೈದ್ಯರು ಎಷ್ಟು ಹೊತ್ತು ನಡೆಯಿತೆಂದು ಕೇಳಿದಾಗ ಹತ್ತು ನಿಮಿಷ ಎಂದೆ. ತಿಂಗಳ ಬಳಿಕ ಮತ್ತೆ ಫಿಟ್ಸ್ ಬಂದಾಗ ಮೊಬೈಲಿನಲ್ಲಿ ಅಳೆದು ನೋಡಿದೆ: ಒಂದು ನಿಮಿಷ ನಲವತ್ತು ಸೆಕೆಂಡು. ಮೊದಲ ಸಲದ ಹತ್ತು ನಿಮಿಷ ನನ್ನ ಗಾಬರಿಯ ಲೆಕ್ಕವಾಗಿತ್ತು.

ಈ ಕಾಯಿಲೆಯಲ್ಲಿ ಮನೆಯವರು ಮಾಡಬಹುದಾದ ಬಹುಮುಖ್ಯ ಕೆಲಸವೆಂದರೆ ಹೊತ್ತನ್ನು ಅಳೆಯುವುದು ಮತ್ತು ಕಂಡದ್ದನ್ನು ಬರೆದಿಡುವುದು. ನಮ್ಮ ಕಾಫಿ ಸೀಮೆಯಲ್ಲಿ ದೊಡ್ಡ ಪಶು ಆಸ್ಪತ್ರೆ ದೂರ: ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್, ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40. ಒಳಗಿನ ತೋಟದ ಮನೆಗಳಿಂದ ಇನ್ನೂ ಹೆಚ್ಚು, ಅದರಲ್ಲಿಯೂ ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಿದ್ದರೆ ಹೇಳುವಂತೆಯೇ ಇಲ್ಲ. ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ನಾಯಿ ಏನೂ ಆಗಿಲ್ಲವೆಂಬಂತೆ ಬಾಲ ಅಲ್ಲಾಡಿಸುತ್ತ ನಿಂತಿರುತ್ತದೆ. ರೋಗವನ್ನು ಕಣ್ಣಾರೆ ಕಂಡವರು ನಾವು, ಔಷಧ ಬರೆಯಬೇಕಾದವರು ವೈದ್ಯರು. ನಡುವೆ ಇರುವುದು ನಮ್ಮ ವರದಿಯೊಂದೇ.

ಮೆದುಳಿನ ನರಕೋಶಗಳು ತಮ್ಮ ಸರದಿಯನ್ನು ಬಿಟ್ಟು ಒಮ್ಮೆಲೇ ವಿದ್ಯುತ್ ಸಂಕೇತಗಳನ್ನು ಹೊರಡಿಸಿದಾಗ ದೇಹದ ಸ್ನಾಯುಗಳು ಹಿಡಿತ ತಪ್ಪಿ ಸೆಳೆಯುತ್ತವೆ. ಇದನ್ನೇ ನಾವು ಫಿಟ್ಸ್, ಸೆಳವು, ಮೂರ್ಛೆ ಎನ್ನುತ್ತೇವೆ. ಇಡೀ ಮೈ ಸೆಳೆಯುವುದು ಎಲ್ಲರಿಗೂ ಗೊತ್ತಾಗುತ್ತದೆ. ಮುಖದ ಒಂದು ಪಕ್ಕ ಮಾತ್ರ ಅದುರುವುದು, ಒಂದೇ ಕಾಲು ಕುಣಿಯುವುದು, ಇಲ್ಲದ ನೊಣವನ್ನು ಗಾಳಿಯಲ್ಲಿ ಕಚ್ಚಲು ಹೋಗುವುದು ಇವೂ ಸೆಳವಿನ ರೂಪಗಳಾಗಿರಬಹುದು, ಆದರೆ ಇವನ್ನು ನಾಯಿಯ ಚೇಷ್ಟೆಯೆಂದು ಬಿಟ್ಟುಬಿಡುತ್ತೇವೆ. ಇದಕ್ಕೆ ವಿರುದ್ಧವಾಗಿ ಫಿಟ್ಸ್ ಅಲ್ಲದ್ದು ಫಿಟ್ಸಿನಂತೆ ಕಾಣುವುದೂ ಉಂಟು. ನಿದ್ದೆಯಲ್ಲಿ ಕಾಲು ಆಡಿಸುವ ನಾಯಿ ಹೆಸರು ಕರೆದರೆ ಎಚ್ಚರಗೊಳ್ಳುತ್ತದೆ. ಸೆಳವು ಬಂದದ್ದು ಎಚ್ಚರಗೊಳ್ಳುವುದಿಲ್ಲ. ಹೃದಯದ ತೊಂದರೆಯಿಂದ ಬವಳಿ ಬಂದು ಬೀಳುವ ನಾಯಿ ಸಾಮಾನ್ಯವಾಗಿ ಓಡುವಾಗಲೋ ಕೆಮ್ಮುವಾಗಲೋ ಮೆತ್ತಗೆ ಕುಸಿದು, ಅರೆನಿಮಿಷದಲ್ಲಿ ಎದ್ದು ಸರಿಯಾಗಿಬಿಡುತ್ತದೆ. ಸೆಳವಿನ ನಂತರ ಹಾಗಾಗುವುದಿಲ್ಲ. ನಿಮಿಷಗಳಿಂದ ಹಿಡಿದು ಕೆಲವೊಮ್ಮೆ ದಿನವಿಡೀ ಮಂಕು ಉಳಿಯುತ್ತದೆ.

ಸೆಳವು ನಡೆಯುತ್ತಿರುವಾಗ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಬಾಯಿಗೆ ಕೈಯನ್ನಾಗಲಿ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ನಾಯಿ ನಾಲಿಗೆಯನ್ನು ನುಂಗಿಕೊಳ್ಳುವುದಿಲ್ಲ; ಅಂಚು ಸ್ವಲ್ಪ ಕಚ್ಚಿಹೋದರೂ ಅದು ವಾಸಿಯಾಗುತ್ತದೆ, ಆದರೆ ಸೆಟೆದ ದವಡೆಯ ನಡುವೆ ಸಿಕ್ಕ ಬೆರಳಿನ ಪಾಡು ಬೇರೆ. ಬೀಗದ ಕೈ ಮತ್ತು ಈರುಳ್ಳಿಯ ಬಗ್ಗೆ ಅಮ್ಮನೊಡನೆ ನಾನು ಇನ್ನೂ ವಾದ ಗೆದ್ದಿಲ್ಲ. ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ, ಆ ಗಳಿಗೆಯಲ್ಲಿ ಯಾರ ಕೈಯಲ್ಲಿ ಏನಿತ್ತೋ ಅದಕ್ಕೇ ಹೆಸರು ಬರುತ್ತದೆ. ನಾಯಿಯನ್ನು ಒತ್ತಿ ಹಿಡಿಯಬಾರದು. ಮೆಟ್ಟಿಲು, ನೀರಿನ ತೊಟ್ಟಿ, ಒಲೆ ಇವುಗಳ ಹತ್ತಿರವಿದ್ದರೆ ಹಿಂಗಾಲುಗಳನ್ನು ಅಥವಾ ಅಡಿಯ ಗೋಣಿಚೀಲವನ್ನು ಹಿಡಿದು ಮೆಲ್ಲಗೆ ಎಳೆದು ದೂರ ಮಾಡಬೇಕು. ಸರಪಳಿ ಕತ್ತಿಗೆ ಸುತ್ತಿಕೊಂಡಿದ್ದರೆ ಕೊಂಡಿ ಬಿಚ್ಚಬೇಕು. ಟಿವಿ ನಿಲ್ಲಿಸಿ ದೀಪ ಮಂಕು ಮಾಡಬೇಕು. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅವನ್ನು ತಕ್ಷಣ ಬೇರೆ ಕಡೆ ಕೂಡಿಹಾಕಿ, ಏಕೆಂದರೆ ಬಿದ್ದು ಒದ್ದಾಡುವ ನಾಯಿಯ ಮೇಲೆ ಜೊತೆಯದ್ದೇ ಎರಗುವುದುಂಟು. ಶುರುವಾದ ಹೊತ್ತನ್ನು ಮೊದಲೇ ನೋಡಿಟ್ಟುಕೊಂಡಿರಬೇಕು; ಆಮೇಲೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಸಂಕಟದ ಹೊತ್ತಿನಲ್ಲಿ ವಿಡಿಯೊ ತೆಗೆಯುವುದು ನಿರ್ದಯವೆಂದು ತೋರಬಹುದು, ಆದರೆ ವೈದ್ಯರಿಗೆ ನಮ್ಮ ಅರ್ಧ ಗಂಟೆಯ ವಿವರಣೆಗಿಂತ ಆ ಅರ್ಧ ನಿಮಿಷದ ಚಿತ್ರ ಹೆಚ್ಚು ಹೇಳುತ್ತದೆ.

ಸೆಳವು ನಿಂತ ಮೇಲೆ ಜಿಮ್ಮಿ ಎದ್ದು ಗೋಡೆಗೆ ಹಾಯ್ದುಕೊಂಡು, ನನ್ನನ್ನೇ ಗುರುತಿಸದೆ, ಅಂಗಳವನ್ನು ಗಾಣದ ಎತ್ತಿನಂತೆ ಸುತ್ತತೊಡಗಿತು. ಇದು ಈ ಹಂತದ ಸಹಜ ಲಕ್ಷಣ. ಕೆಲವಕ್ಕೆ ತುಸು ಹೊತ್ತು ಕಣ್ಣೂ ಕಾಣುವುದಿಲ್ಲ. ಅಪ್ಪಿಕೊಳ್ಳಲು ಹೋಗಬೇಡಿ, ಅರಿವಿಲ್ಲದೆ ಕಚ್ಚೀತು. ಹಾಯ್ದರೂ ಪೆಟ್ಟಾಗದ ಜಾಗದಲ್ಲಿ ಬಿಟ್ಟು, ಮೆಲುದನಿಯಲ್ಲಿ ಮಾತನಾಡಿಸುತ್ತಿದ್ದರೆ ಸಾಕು. ನೇರವಾಗಿ ನಿಂತು, ಕರೆದರೆ ಓಗೊಡುವವರೆಗೆ ನೀರನ್ನೂ ಅನ್ನವನ್ನೂ ಕೊಡಬಾರದು. ನುಂಗುವ ಹಿಡಿತ ಮರಳದಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಐದು ನಿಮಿಷ ಎಂಬುದು ನೆನಪಿಡಬೇಕಾದ ಗೆರೆ. ಸೆಳವು ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತದೆ, ಮೈಯ ಬಿಸಿ ಏರುತ್ತದೆ, ಮೆದುಳಿಗೆ ಹಾನಿಯಾಗತೊಡಗುತ್ತದೆ. ಒಂದು ಸೆಳವಿನಿಂದ ಪೂರ್ತಿ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೂ, 24 ಗಂಟೆಗಳಲ್ಲಿ ಎರಡು ಅಥವಾ ಹೆಚ್ಚು ಬಂದರೂ, ವಿಷ ತಿಂದಿರುವ ಅನುಮಾನವಿದ್ದರೂ, ಎಳೆಯ ಮರಿಗೆ ಅಥವಾ ಹಾಲೂಡಿಸುತ್ತಿರುವ ತಾಯಿಗೆ ಬಂದರೂ ಬೆಳಗಾಗಲಿ ಎಂದು ಕಾಯಬಾರದು. ಹೊರಡುವ ಮೊದಲು ಫೋನ್ ಮಾಡಿ ವೈದ್ಯರು ಇದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ನಾಯಿಯನ್ನು ಜೀಪಿನ ಹಿಂಭಾಗದಲ್ಲಿ ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಗೆ ಹರಿಯುವಂತೆ ಬಾಯನ್ನು ತುಸು ಕೆಳಮುಖವಾಗಿಸಿ, ಗಾಳಿಯಾಡಲು ಬಿಡಿ. ಮೈ ಸುಡುತ್ತಿದ್ದರೆ ಪಾದ ಮತ್ತು ಹೊಟ್ಟೆಗೆ ತಣ್ಣೀರು ಸವರಿ, ಮಂಜುಗಡ್ಡೆ ಬೇಡ. ಪದೇ ಪದೇ ಸೆಳವು ಬರುವ ನಾಯಿಯಿದ್ದು ಮನೆ ದೂರವಿದ್ದರೆ, ಸೆಳವನ್ನು ನಿಲ್ಲಿಸಲು ಗುದದ್ವಾರದ ಮೂಲಕ ಕೊಡುವ ಡಯಜೆಪಾಮ್ ಅಥವಾ ಮೂಗಿಗೆ ಹಾಕುವ ಮಿಡಜೋಲಾಮ್ ಅನ್ನು ಮನೆಯಲ್ಲಿಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ, ಪ್ರಮಾಣವನ್ನು ಬರೆಸಿಕೊಂಡು, ಕೊಡುವ ಕ್ರಮವನ್ನು ಅವರ ಎದುರೇ ಕಲಿತು ಬನ್ನಿ. ನಮ್ಮಂತಹ ದೂರದ ಮನೆಗಳವರಿಗೆ ಇದಕ್ಕಿಂತ ಉಪಯುಕ್ತವಾದ ತಯಾರಿ ಇನ್ನೊಂದಿಲ್ಲ.

ಕಾರಣಗಳ ವಿಚಾರಕ್ಕೆ ಬಂದರೆ, ಕಾಫಿ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ವಿಷವನ್ನು. ಮಳೆಗಾಲದಲ್ಲಿ ಶಂಖದ ಹುಳುವಿನ, ಅಂದರೆ ಆಫ್ರಿಕಾದ ಬಸವನಹುಳುವಿನ ಕಾಟಕ್ಕೆ ತೋಟಗಳಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ, ಇಲ್ಲವೇ ತೌಡು ಬೆಲ್ಲಕ್ಕೆ ಕೀಟನಾಶಕ ಬೆರೆಸಿ ಅಲ್ಲಲ್ಲಿ ಇಡುತ್ತಾರೆ. ಹುಳುವಿಗೆ ರುಚಿಸುವ ತೌಡು ಬೆಲ್ಲ ನಾಯಿಗೂ ರುಚಿಸುತ್ತದೆ. ಮೆಟಾಲ್ಡಿಹೈಡ್ ತಿಂದ ನಾಯಿ ಕೆಲವೇ ಗಂಟೆಗಳಲ್ಲಿ ನಡುಗತೊಡಗಿ, ಸದ್ದಿಗೆ ಬೆಚ್ಚಿ, ಮೈ ಸುಡುವಷ್ಟು ಬಿಸಿಯಾಗಿ ಸೆಳವಿಗೆ ಜಾರುತ್ತದೆ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳಾದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಭೇದಿಯಾಗುತ್ತದೆ, ಸಾಮಾನ್ಯವಾಗಿ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕುಗ್ಗುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಪ್ರತ್ಯೌಷಧವಿದೆ, ಆದರೆ ಅದು ಹೊತ್ತಿಗೆ ಸರಿಯಾಗಿ ಬೀಳಬೇಕು. ಆದ್ದರಿಂದ ಸಿಂಪಡಣೆಯ ದಿನ ಯಾವ ಔಷಧ ಬಳಸಿದರೆಂದು ತೋಟದ ಲೆಕ್ಕ ನೋಡುವ ರೈಟರ್ ಬಳಿ ಕೇಳಿಟ್ಟುಕೊಳ್ಳಿ, ಅನುಮಾನ ಬಂದರೆ ಡಬ್ಬಿಯನ್ನೋ ಪೊಟ್ಟಣವನ್ನೋ ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ದಯವಿಟ್ಟು ಬಿಡಿ. ನಡುಗುತ್ತಿರುವ ನಾಯಿಗೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ, ಹೆಚ್ಚಿದ ಉಪ್ಪು ತಾನೇ ಸೆಳವು ತರಬಲ್ಲದು. ಕಾಫಿಯೂ ನಿರಪಾಯಿಯಲ್ಲ: ಹುರಿದ ಬೀಜವನ್ನೋ ಪುಡಿಯನ್ನೋ ಗಣನೀಯವಾಗಿ ತಿಂದ ನಾಯಿಗೆ ಕೆಫೀನ್‌ನಿಂದ ಎದೆಬಡಿತ ಏರಿ ಸೆಳವು ಬರಬಹುದು.

ವಿಷವಲ್ಲವೆಂದಾದರೆ ವಯಸ್ಸು ದಾರಿ ತೋರಿಸುತ್ತದೆ. ಪುಟ್ಟ ಮರಿಗಳಲ್ಲಿ ಹಸಿವು ಮತ್ತು ಜಂತುಹುಳುವಿನಿಂದ ರಕ್ತದ ಸಕ್ಕರೆ ಇಳಿದು ಸೆಳವು ಬರುತ್ತದೆ. ದಾರಿಯಲ್ಲಿ ವಸಡಿನ ಹೊರಬದಿಗೆ ಸ್ವಲ್ಪ ಜೇನು ಸವರಬಹುದು. ಮರಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ತಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು ನಡೆಯುತ್ತಿದ್ದರೆ ಅದು ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂನ ಕೊರತೆ. ಮರಿಗಳನ್ನು ಬೇರ್ಪಡಿಸಿ ತಕ್ಷಣ ಒಯ್ಯಬೇಕು. ಲಸಿಕೆ ಆಗದ ಎಳೆಯ ನಾಯಿ ಜ್ವರ, ಕಣ್ಣು ಮೂಗಿನ ಕೀವು, ಭೇದಿ ಇವುಗಳ ನಂತರ ಚ್ಯೂಯಿಂಗ್ ಗಮ್ ಅಗಿಯುವಂತೆ ದವಡೆ ಆಡಿಸತೊಡಗಿದರೆ ಡಿಸ್ಟೆಂಪರ್ ಎಂಬ ವೈರಸ್ ರೋಗವಿರಬಹುದು. ಲಸಿಕೆಯಿಲ್ಲದ ನಾಯಿಯ ಸ್ವಭಾವವೇ ಬದಲಾಗಿ, ಜೊಲ್ಲು ಸುರಿದು, ಸೆಳವು ಬಂದರೆ ರೇಬೀಸ್ ಎಂದೇ ಎಣಿಸಿ ದೂರ ನಿಲ್ಲಿ. ಕಚ್ಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದ್ದರೆ 15 ನಿಮಿಷ ಸೋಪು ನೀರಿನಿಂದ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಿ. ಇಳಿವಯಸ್ಸಿನಲ್ಲಿ ಮೊದಲ ಸೆಳವು ಬಂದರೆ ಮೆದುಳಿನ ಗಡ್ಡೆ, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆಯನ್ನು ಹುಡುಕಬೇಕಾಗುತ್ತದೆ. ಇವೆಲ್ಲ ಇಲ್ಲದೆ, ಆರು ತಿಂಗಳಿಂದ ಆರು ವರ್ಷದೊಳಗೆ ಸೆಳವು ಶುರುವಾಗಿ, ನಡುವಿನ ದಿನಗಳಲ್ಲಿ ನಾಯಿ ಚೆನ್ನಾಗಿಯೇ ಇದ್ದರೆ ಅದನ್ನು ಕಾರಣ ತಿಳಿಯದ ಅಪಸ್ಮಾರ ಎನ್ನುತ್ತಾರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೀಗಲ್‌ಗಳಲ್ಲಿ ಇದು ವಂಶವಾಹಿಯಾಗಿ ಬರುವುದು ಕಂಡಿದೆ. ಇಂತಹ ನಾಯಿಯಿಂದ ಮರಿ ಮಾಡಿಸಬಾರದು. ರಕ್ತದ ಸಕ್ಕರೆ, ಕ್ಯಾಲ್ಸಿಯಂ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಮತ್ತು ಉಣ್ಣೆ ಹುಳುವಿನ ಕಡಿತದಿಂದ ಬರುವ ಉಣ್ಣೆಜ್ವರಕ್ಕಾಗಿ ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ ಮೊದಲು ಮಾಡಿಸಬೇಕಾದವು. ಹತ್ತಿರದಲ್ಲಿ ಈ ಅನುಕೂಲವಿಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ವರ್ಷಕ್ಕೊಮ್ಮೆ ಬಂದುಹೋಗುವ ಚಿಕ್ಕ ಸೆಳವಿಗೆ ಮಾತ್ರೆ ಬೇಕಾಗದೆ ಇರಬಹುದು. ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಬಂದರೆ, ಗುಂಪಾಗಿ ಬಂದರೆ, ಐದು ನಿಮಿಷ ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಆರಂಭಿಸುತ್ತಾರೆ. ಹೆಚ್ಚಾಗಿ ಬರೆಯುವುದು ಫಿನೋಬಾರ್ಬಿಟೋನ್. ಇದು ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಎರಡು ವಾರ ಬೇಕು. ಅಷ್ಟು ದಿನ ನಾಯಿ ತೂರಾಡುತ್ತದೆ, ತೂಕಡಿಸುತ್ತದೆ. ಔಷಧ ಹೆಚ್ಚಾಯಿತೆಂದು ಗಾಬರಿಯಾಗಿ ನಾವೇ ಅರ್ಧ ಮಾಡಿದರೆ ಕೆಲಸ ಕೆಡುತ್ತದೆ. ನೀರಡಿಕೆ ಮತ್ತು ಹಸಿವು ಮಾತ್ರ ಉಳಿದುಬಿಡುತ್ತವೆ. ಜಿಮ್ಮಿ ಈಗ ಕಲಗಚ್ಚಿನ ಬಕೆಟ್ಟಿಗೂ ಬಾಯಿ ಹಾಕುವುದರಿಂದ ಅನ್ನ ಕಡಿಮೆ ಮಾಡಿ ಬೇಯಿಸಿದ ಸೀಮೆಬದನೆ ಸೇರಿಸುತ್ತೇವೆ. ಯಕೃತ್ತಿನ ಮೇಲೆ ಪರಿಣಾಮವಾಗಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ಸೆಳವಿನ ಇನ್ನೊಂದು ಔಷಧವಾದ ಪೊಟ್ಯಾಸಿಯಂ ಬ್ರೋಮೈಡ್ ಕೊಡುತ್ತಿದ್ದರೆ ಆಹಾರದ ಉಪ್ಪನ್ನು ಏರಿಳಿಸಬಾರದು; ಮಳೆಗಾಲದ ಒಣಮೀನಿನ ತಲೆಗಳನ್ನು ಪ್ರೀತಿಯಿಂದ ಹಾಕಿದರೆ ಆ ಉಪ್ಪು ಔಷಧವನ್ನು ಮೂತ್ರದಲ್ಲಿ ಹೊರದೂಡಿ ಸೆಳವು ಮರಳುತ್ತದೆ. ಮತ್ತೊಂದು ಔಷಧ ಲೆವೆಟಿರಾಸೆಟಮ್ ಯಕೃತ್ತಿಗೆ ಹಗುರ, ಆದರೆ ಸಾಧಾರಣ ಮಾತ್ರೆಯನ್ನು ಎಂಟು ಗಂಟೆಗೊಮ್ಮೆ ಕೊಡಬೇಕು. ತೋಟದ ಕೆಲಸದ ನಡುವೆ ಅದನ್ನು ಪಾಲಿಸಬಲ್ಲಿರಾ ಎಂದು ಮೊದಲೇ ಯೋಚಿಸಿ.

ಯಾವ ಮಾತ್ರೆಯಾದರೂ ಒಮ್ಮೆಲೇ ನಿಲ್ಲಿಸುವುದು ಕೊಡದೇ ಇರುವುದಕ್ಕಿಂತ ಅಪಾಯಕರ. ಫಿನೋಬಾರ್ಬಿಟೋನ್ ಚೀಟಿಯಿಲ್ಲದೆ ಸಿಗುವುದಿಲ್ಲ, ಎಲ್ಲ ಮೆಡಿಕಲ್ ಸ್ಟೋರುಗಳಲ್ಲಿ ಇರುವುದೂ ಇಲ್ಲ. ಆದ್ದರಿಂದ ಕೊನೆಯ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತರಬೇಕು, ಜೂನ್ ಹಿಡಿಯುವ ಮೊದಲು ಇನ್ನೂ ತುಸು ಹೆಚ್ಚು. ಮಲೆನಾಡಿನ ಇನ್ನೊಂದು ಎಚ್ಚರಿಕೆ ಉಣ್ಣೆಯದು. ಫ್ಲುರಲಾನರ್, ಅಫೋಕ್ಸೊಲಾನರ್ ಮೊದಲಾದ ಐಸಾಕ್ಸಾಜೋಲಿನ್ ಗುಂಪಿನ, ಉಣ್ಣೆ ನಿವಾರಣೆಗೆ ಕೊಡುವ ಅಗಿಯುವ ಮಾತ್ರೆಗಳು ಕೆಲವು ನಾಯಿಗಳಲ್ಲಿ ಸೆಳವು ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಬಹುಪಾಲು ನಾಯಿಗಳಿಗೆ ಅವು ಒಳ್ಳೆಯ ಔಷಧವೇ, ಆದರೆ ಫಿಟ್ಸ್ ಇರುವ ನಾಯಿಯೆಂದು ಕೊಳ್ಳುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆಯಿಂದ ಸೆಳವು ಪೂರ್ತಿ ನಿಂತೇಬಿಡುತ್ತದೆಂದು ನಿರೀಕ್ಷಿಸಬೇಡಿ; ಅಂತರ ಹೆಚ್ಚಿದರೆ, ಬಿರುಸು ತಗ್ಗಿದರೆ ಅದನ್ನೇ ಗೆಲುವೆಂದು ಎಣಿಸಬೇಕು. ಕೆರೆಯ ಬದಿಗೆ, ಬಾವಿಕಟ್ಟೆಗೆ ಒಂಟಿಯಾಗಿ ಬಿಡದಿರುವುದು ಜೀವನಪೂರ್ತಿಯ ಕಟ್ಟು.

ಇನ್ನು ಬರೆದಿಡುವ ವಿಚಾರ. ಇದಕ್ಕೆ ಆ್ಯಪ್ ಬೇಡ, ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ ಬರೆಯುವ ಚೌಕದಲ್ಲಿಯೇ ನಾವು ಕೆಂಪು ಪೆನ್ನಿನಲ್ಲಿ ಹೊತ್ತು, ಎಷ್ಟು ಸೆಕೆಂಡು, ಯಾವ ಕಡೆಯಿಂದ ಶುರುವಾಯಿತು, ಮಂಕು ಎಷ್ಟು ಹೊತ್ತಿತ್ತು ಎಂಬುದನ್ನು ಬರೆಯುತ್ತೇವೆ. ಮಾತ್ರೆ ತಡವಾದ ದಿನ, ಸಿಂಪಡಣೆಯ ದಿನ, ಪಟಾಕಿಯ ರಾತ್ರಿ, ಹೆಣ್ಣುನಾಯಿಯಾದರೆ ಬೆದೆಗೆ ಬಂದ ದಿನ ಇವುಗಳನ್ನೂ ಗುರುತಿಸಿ. ತಿಂಗಳು ಮುಗಿದ ಹಾಳೆಗಳನ್ನು ಹರಿದು ಒಲೆಗೆ ಹಾಕದೆ ಮಾತ್ರೆಯ ಡಬ್ಬಿಯ ಜೊತೆಗೇ ಮಡಿಸಿಡಿ. ಪ್ರಮಾಣ ಬದಲಿಸುವ ಮೊದಲು ವೈದ್ಯರು ಕೇಳುವುದು ಅವನ್ನೇ.