ಜೈಂಟ್ಸ್ ತಂಡದ ಎಳೆಯರಲ್ಲಿ ಮೇಲೇರುವವರನ್ನು ನಾನು ಗುರುತಿಸುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡದ ಮೈನರ್ ಲೀಗ್ (ಮುಖ್ಯ ತಂಡಕ್ಕೆ ಆಟಗಾರರನ್ನು ಪಳಗಿಸುವ ಕೆಳಹಂತದ ಲೀಗ್) ಆಟಗಾರರಲ್ಲಿ ಒಂದೆರಡು ವರ್ಷಗಳಲ್ಲಿ ಥಟ್ಟನೆ ಮುಂದೆ ಬರುವವರು ಯಾರು ಎಂದು ಪ್ರತಿ ಬೇಸಿಗೆಯಲ್ಲಿ ಅಂದಾಜಿಸಿ ಬರೆದಿಡುವುದು ನನ್ನ ಬಹುಕಾಲದ ಅಭ್ಯಾಸ. ನಾನಿರುವ ಸ್ಯಾನ್ ಹೋಸೆಯಲ್ಲೇ ಅವರ ಸಿಂಗಲ್-ಎ ತಂಡವಿದೆ. ಇಲ್ಲಿಂದ ಯುಜೀನ್ (ಹೈ-ಎ), ರಿಚ್ಮಂಡ್ (ಡಬಲ್-ಎ), ಸ್ಯಾಕ್ರಮೆಂಟೊ (ಟ್ರಿಪಲ್-ಎ) ಎಂಬ ಮೂರು ಮೆಟ್ಟಿಲು ಹತ್ತಿದವರಿಗೆ ಮೇಜರ್ ಲೀಗ್.

ಬ್ಯಾಟಿಂಗ್ ಸರಾಸರಿಯನ್ನು ನಾನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ. ಈ ಹಂತದಲ್ಲಿ ಫೀಲ್ಡಿಂಗ್ ಇನ್ನೂ ಪಳಗಿರುವುದಿಲ್ಲವಾದ್ದರಿಂದ, ಚೆಂಡು ಯಾರ ಕೈಗೆ ಸಿಕ್ಕಿತು, ಯಾರ ಕೈ ತಪ್ಪಿತು ಎಂಬುದರ ಮೇಲೆ ಆ ಅಂಕಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಬ್ಯಾಟರ್ ಔಟಾಗುವುದು) ಮತ್ತು ವಾಕ್‌ಗಳ (ಗುರಿ ತಪ್ಪಿದ ನಾಲ್ಕು ಚೆಂಡುಗಳಿಗೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆಯಾಗಿ ಸಿಗುವುದು) ಪ್ರಮಾಣ ಹಾಗಲ್ಲ. ಅದು ಬಹುಮಟ್ಟಿಗೆ ಪಿಚರ್ (ಚೆಂಡೆಸೆಯುವವನು) ಮತ್ತು ಬ್ಯಾಟರ್ ಇಬ್ಬರ ನಡುವೆಯೇ ತೀರ್ಮಾನವಾಗುತ್ತದೆ, ಬೇಗನೆ ಸ್ಥಿರವೂ ಆಗುತ್ತದೆ. ಅದರ ಪಕ್ಕದಲ್ಲಿ ವಯಸ್ಸನ್ನು ಇಟ್ಟು ನೋಡಬೇಕು. ಸಿಂಗಲ್-ಎಯಲ್ಲಿ 19ರ ಹುಡುಗ ಮತ್ತು 23ರ ಯುವಕ ಒಂದೇ ಅಂಕಿ ತೋರಿಸಿದರೆ ಅವೆರಡೂ ಒಂದೇ ಸಾಧನೆಯಲ್ಲ.

2021ರಲ್ಲಿ ಇಲ್ಲಿ ಆಡಿದ ಎಡಗೈ ಪಿಚರ್ ಕೈಲ್ ಹ್ಯಾರಿಸನ್ ಈ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಹೈಸ್ಕೂಲಿನಿಂದ ನೇರವಾಗಿ ಬಂದಿದ್ದ ಆತ, ಋತುವಿನ ಆರಂಭಕ್ಕೆ 19ರವನಾಗಿದ್ದು, ಸುಮಾರು 99 ಇನಿಂಗ್ಸ್‌ಗಳಲ್ಲಿ 157 ಸ್ಟ್ರೈಕ್‌ಔಟ್ ಪಡೆದ. 52 ವಾಕ್‌ಗಳನ್ನೂ ಕೊಟ್ಟ. ವಾಕ್ ಹೆಚ್ಚೆಂದು ಹಲವರು ಹಿಂಜರಿದರೂ, ಆ ವಯಸ್ಸಿನಲ್ಲಿ ನಿಯಂತ್ರಣ ಕಲಿಯಬಹುದು, ಬ್ಯಾಟರನ್ನು ವಂಚಿಸುವ ಚೆಂಡನ್ನು ಕಲಿಸುವುದು ಕಷ್ಟ ಎಂಬುದು ನನ್ನ ನಿಲುವಾಗಿತ್ತು. ಇನ್ನೊಂದು ಸುಳಿವೂ ಇತ್ತು: 2020ರ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ) ಮೂರನೆಯ ಸುತ್ತಿನಲ್ಲಿ ಆಯ್ಕೆಯಾದವನಿಗೆ ತಂಡ ಸುಮಾರು 25 ಲಕ್ಷ ಡಾಲರ್ ಬೋನಸ್ ಕೊಟ್ಟಿತ್ತು. ಸುತ್ತಿನ ಸಂಖ್ಯೆಗಿಂತ ಬೋನಸ್ಸಿನ ಮೊತ್ತವೇ ತಂಡದ ನಂಬಿಕೆಯನ್ನು ನಿಜವಾಗಿ ಹೇಳುತ್ತದೆ. 2023ರ ಆಗಸ್ಟಿನಲ್ಲಿ ಆತ ಮೇಜರ್ ಲೀಗ್ ತಲುಪಿದ.

ಚೆಂಡಿನ ವೇಗ, ತಿರುಗು, ಹೊಡೆತದ ಬಲ ಇವನ್ನೆಲ್ಲ ಅಳೆಯುವ ಸ್ಟ್ಯಾಟ್‌ಕ್ಯಾಸ್ಟ್ ಅಂಕಿಗಳು ಟ್ರಿಪಲ್-ಎ ಪಂದ್ಯಗಳಿಗೂ ಫ್ಲಾರಿಡಾದ ಸಿಂಗಲ್-ಎ ಲೀಗಿಗೂ ಸಾರ್ವಜನಿಕವಾಗಿ ಸಿಗುತ್ತವೆ; ಸ್ಯಾನ್ ಹೋಸೆ ತಂಡ ಆಡುವ ಕ್ಯಾಲಿಫೋರ್ನಿಯಾ ಲೀಗಿಗೆ ನಾನು ಕಣ್ಣನ್ನೇ ನಂಬಬೇಕು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ವೇಗ ಅಳೆಯುವ ರೇಡಾರ್ ಗನ್ ಹಿಡಿದ ಸ್ಕೌಟ್‌ಗಳಿಗೆ (ಆಟಗಾರರನ್ನು ತೂಗಿ ನೋಡಲು ತಂಡಗಳು ಕಳಿಸುವವರಿಗೆ) ಆದಷ್ಟು ಹತ್ತಿರ ಕೂರುತ್ತೇನೆ. ಎರಡು ಸ್ಟ್ರೈಕ್ ಆದ ಮೇಲೆ ಹೊರಗಡೆ ಕೆಳಕ್ಕೆ ಜಾರುವ ಸ್ಲೈಡರ್ ಬಂದಾಗ ಬ್ಯಾಟರ್‌ನ ಮುಂದಿನ ಮಂಡಿಯ ಮೇಲೆ ನನ್ನ ಗಮನವಿರುತ್ತದೆ. ಮಂಡಿ ಚೆಂಡಿನ ಕಡೆ ಕುಸಿದರೆ ಅವನು ಅದನ್ನು ಫಾಸ್ಟ್‌ಬಾಲ್ ಎಂದೇ ಓದಿದ್ದಾನೆ. ಮಂಡಿ ಗಟ್ಟಿಯಾಗಿ ನಿಂತು, ಬ್ಯಾಟು ಅರ್ಧಕ್ಕೇ ತಡೆದುಕೊಂಡರೆ, ಆ ದಿನ ಅವನು ಸೊನ್ನೆ ಸುತ್ತಿದರೂ ನನ್ನ ಪುಸ್ತಕದಲ್ಲಿ ಅವನ ಹೆಸರಿಗೆ ಒಂದು ಗುರುತು ಬೀಳುತ್ತದೆ. ಪಿಚರ್‌ಗಳಲ್ಲಾದರೆ ನಾಲ್ಕನೆಯ ಇನಿಂಗ್ಸ್ ಹೊತ್ತಿಗೆ ವೇಗ ಎಷ್ಟು ಇಳಿಯಿತು, ಮೂರನೆಯ ಬಗೆಯ ಚೆಂಡನ್ನು ಪೇಚಿಗೆ ಸಿಕ್ಕಾಗಲೂ ಎಸೆಯುವ ಧೈರ್ಯವಿದೆಯೇ ಎಂಬುದನ್ನು ಗಮನಿಸುತ್ತೇನೆ.

ಅಂಕಿಗಳು ಒಮ್ಮೆಲೇ ಸುಧಾರಿಸಿದಾಗ ಅದಕ್ಕೊಂದು ಕಾರಣ ಕಾಣದಿದ್ದರೆ ನಾನು ಆ ಹೆಸರನ್ನು ಮೇಲಕ್ಕೆ ತರುವುದಿಲ್ಲ. 2023ರ ಮೊದಲ ಸುತ್ತಿನಲ್ಲಿ ಬಂದ ಬ್ರೈಸ್ ಎಲ್‌ಡ್ರಿಜ್ ಹೈಸ್ಕೂಲಿನಲ್ಲಿ ಪಿಚರ್ ಕೂಡ ಆಗಿದ್ದವನು. ಬ್ಯಾಟಿಂಗಿಗಷ್ಟೇ ಮೀಸಲಾದ 2024ರಲ್ಲಿ ಸ್ಯಾನ್ ಹೋಸೆಯಿಂದ ಸ್ಯಾಕ್ರಮೆಂಟೊವರೆಗೆ ನಾಲ್ಕೂ ಹಂತಗಳಲ್ಲಿ ಆಡಿದ. ಇಲ್ಲಿ ಕಾರಣ ಕಣ್ಣೆದುರಿಗೇ ಇತ್ತು.

ಬೇಗ ಕೈಬಿಡದಿರುವುದೂ ಈ ಕೆಲಸದ ಭಾಗವೇ. 2017ರ ಮೊದಲ ಸುತ್ತಿನ ಹೀಲಿಯಟ್ ರಾಮೋಸ್ 19ರಲ್ಲೇ ಡಬಲ್-ಎ ಮುಟ್ಟಿ, ಆಮೇಲೆ ವರ್ಷಗಟ್ಟಲೆ ಏಗಿ, 2024ರಲ್ಲಿ ಆಲ್-ಸ್ಟಾರ್ (ಲೀಗಿನ ಆಯ್ದ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದವನು) ಆದ. ಆಗಲೂ ಅವನಿಗೆ 24 ವರ್ಷ ಅಷ್ಟೆ.

ನವೆಂಬರಿನಲ್ಲಿ ನನ್ನ ಪಟ್ಟಿಯನ್ನು ತಂಡದ 40 ಜನರ ಪಟ್ಟಿಯೊಡನೆ ಹೋಲಿಸುತ್ತೇನೆ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದವರನ್ನು ಐದು ಋತುಗಳೊಳಗೆ, ಉಳಿದವರನ್ನು ನಾಲ್ಕರೊಳಗೆ ಅದಕ್ಕೆ ಸೇರಿಸದಿದ್ದರೆ ಡಿಸೆಂಬರಿನ ರೂಲ್ 5 ಡ್ರಾಫ್ಟಿನಲ್ಲಿ ಬೇರೆ ತಂಡ ಅವರನ್ನು ಎತ್ತಿಕೊಳ್ಳಬಹುದು. ನಾನು ಗಮನಿಸದೆ ಬಿಟ್ಟವನೊಬ್ಬನನ್ನು ತಂಡ ಹಾಗೆ ಉಳಿಸಿಕೊಂಡಿದ್ದರೆ, ಮುಂದಿನ ಏಪ್ರಿಲಿನಲ್ಲಿ ನಾನು ಮೊದಲು ನೋಡುವುದು ಅವನ ಆಟವನ್ನೇ.